ನೆಲಮಾಳಿಗೆಯೋ ಪಡಸಾಲೆಯೋ: ‘ನೈಟ್ ಆಫ್ ದ ಲಿವಿಂಗ್ ಡೆಡ್’ ಜಗಳ ಇನ್ನೂ ಮುಗಿದಿಲ್ಲ

ಕಪ್ಪುಬಿಳುಪು

ಬೈಯುವವರು ಬೈಯಲಿ, ಹೇಳಿಬಿಡುತ್ತೇನೆ. ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದಲ್ಲಿ ಹ್ಯಾರಿ ಕೂಪರ್ ಹೇಳಿದ್ದೇ ಸರಿ. ನಾವೆಲ್ಲ ಮೆಚ್ಚುವ ಬೆನ್ ಹೇಳಿದ್ದು ತಪ್ಪು.

ನೋಡದವರಿಗಾಗಿ ಎರಡು ಮಾತು. ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ ಚಿತ್ರ. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನತೊಡಗುತ್ತಾರೆ. ಏಳು ಜನ ಒಂದು ತೋಟದ ಮನೆಯಲ್ಲಿ ಸಿಕ್ಕಿಬೀಳುತ್ತಾರೆ. ಕಿಟಕಿ ಬಾಗಿಲುಗಳಿಗೆ ಹಲಗೆ ಹೊಡೆದು ಪಡಸಾಲೆಯಲ್ಲೇ ನಿಂತು ಎದುರಿಸೋಣ, ತಪ್ಪಿಸಿಕೊಳ್ಳಲು ದಾರಿಯಾದರೂ ಇರುತ್ತದೆ ಎನ್ನುವುದು ಬೆನ್ ವಾದ. ಹೆಂಡತಿಯನ್ನೂ ಗಾಯಗೊಂಡ ಮಗಳನ್ನೂ ಕರೆದುಕೊಂಡು ಮೊದಲೇ ನೆಲಮಾಳಿಗೆ ಸೇರಿರುವ ಕೂಪರ್, ಕೆಳಗೆ ಇರುವುದೊಂದೇ ಬಾಗಿಲು, ಒಳಗಿನಿಂದ ಭದ್ರ ಮಾಡಿಕೊಂಡರೆ ಯಾವ ಹೆಣವೂ ಬರಲಾರದು ಎನ್ನುತ್ತಾನೆ. ಹೊರಗೆ ಹೆಣಗಳು ಸೇರುತ್ತಿರುವಾಗ ಒಳಗೆ ನಡೆಯುವುದು ಬಹುಮಟ್ಟಿಗೆ ಇದೇ ಜಗಳ.

ಈಗ ಲೆಕ್ಕ ನೋಡಿ. ಬೆನ್ ಯೋಜನೆಯಂತೆ ಲಾರಿಗೆ ಪೆಟ್ರೋಲು ತುಂಬಿಸಲು ಹೋದ ಯುವ ಜೋಡಿ ಟಾಮ್ ಮತ್ತು ಜೂಡಿ ಸುಟ್ಟು ಸಾಯುತ್ತಾರೆ. ಹಲಗೆ ಹೊಡೆದ ಕಿಟಕಿಗಳು ಮುರಿಯುತ್ತವೆ. ಅಣ್ಣನನ್ನು ಕಳೆದುಕೊಂಡು ಆ ಮನೆ ಸೇರಿದ್ದ ಬಾರ್ಬ್ರಾಳನ್ನು ಹೆಣಗಳು ಹೊರಗೆ ಎಳೆದುಕೊಂಡು ಹೋಗುತ್ತವೆ. ಕಡೆಗೆ ಬೆನ್ ಒಬ್ಬನೇ ಉಳಿದು ಎಲ್ಲಿಗೆ ಓಡುತ್ತಾನೆ? ನೆಲಮಾಳಿಗೆಗೆ! ಬಾಗಿಲು ಭದ್ರ ಮಾಡಿಕೊಂಡು ಬೆಳಗಿನವರೆಗೆ ಅಲ್ಲಿ ಕ್ಷೇಮವಾಗಿ ಇರುತ್ತಾನೆ. ಕೂಪರ್ ಹೇಳಿದ್ದು ಅಕ್ಷರಶಃ ನಿಜವಾಯಿತು, ಹೇಳಿದವನು ಮಾತ್ರ ಅಷ್ಟರಲ್ಲಿ ಸತ್ತಿದ್ದ.

ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಚಿತ್ರವನ್ನು ಜನ ನೋಡುತ್ತಿರುವುದಕ್ಕೆ ಮುಖ್ಯ ಕಾರಣ ಹೆಣಗಳಲ್ಲ, ಇದು ಎಂಬುದು ನನ್ನ ಅನಿಸಿಕೆ. ನಮ್ಮ ಮನಸ್ಸು ಯಾರ ಪರ ವಾಲುತ್ತದೋ ಅವನ ಕೈಯಲ್ಲಿ ತಪ್ಪು ಮಾಡಿಸಿ, ಯಾರನ್ನು ಕಂಡರೆ ಮೈ ಉರಿಯುತ್ತದೋ ಅವನ ಬಾಯಲ್ಲಿ ಸರಿಯಾದ ಮಾತನ್ನು ಇಟ್ಟಿದ್ದಾರೆ.

ಹಳೆಯ ಟಾಕೀಸು

ಅರ್ಧ ಲೆಕ್ಕ ಹೇಳಿದ್ದೀರಿ. ನೆಲಮಾಳಿಗೆಯಲ್ಲಿ ಇನ್ನೊಬ್ಬಳಿದ್ದಳಲ್ಲ, ಕ್ಯಾರೆನ್? ಹೆಣವೊಂದು ಕಚ್ಚಿ ಜ್ವರದಲ್ಲಿ ಮಲಗಿದ್ದ ಹುಡುಗಿ. ಕೂಪರ್ ಮಾತು ಕೇಳಿ ಏಳೂ ಜನ ಕೆಳಗಿಳಿದು ಬಾಗಿಲು ಹಾಕಿಕೊಂಡಿದ್ದರೆ ಮಧ್ಯರಾತ್ರಿ ಆ ಮಗು ಸತ್ತು, ಹೆಣವಾಗಿ ಎದ್ದು ಕುಳಿತಾಗ ಓಡಲು ದಾರಿಯೇ ಇರುತ್ತಿರಲಿಲ್ಲ. ಮೇಲೆ ರೇಡಿಯೋ, ಟಿವಿ ಇದ್ದುದರಿಂದಲೇ ತಲೆಗೆ ಹೊಡೆದರೆ ಅವು ಸಾಯುತ್ತವೆ ಎಂಬುದು ಇವರಿಗೆ ತಿಳಿದದ್ದು. ಕೆಳಗೆ ಕತ್ತಲಲ್ಲಿ ಕುಳಿತವರಿಗೆ ಅದನ್ನು ಯಾರು ಹೇಳುತ್ತಿದ್ದರು?

ಬೆನ್ ಅಲ್ಲಿ ಬದುಕಿದ್ದು ನೆಲಮಾಳಿಗೆ ಗಟ್ಟಿಯಾಗಿತ್ತೆಂದಲ್ಲ. ಅವನು ಇಳಿಯುವ ಹೊತ್ತಿಗೆ ಅಲ್ಲಿನ ಅನಾಹುತ ನಡೆದುಹೋಗಿತ್ತು, ಅವನ ಕೈಯಲ್ಲಿ ಬಂದೂಕಿತ್ತು.

ಕಪ್ಪುಬಿಳುಪು

ಒಂದು ಸಣ್ಣ ಹುಡುಗಿ, ಎದುರಿಗೆ ಆರು ಜನ ದೊಡ್ಡವರು. ಕಟ್ಟಿಹಾಕಲು ಆಗುತ್ತಿರಲಿಲ್ಲವೇ?

ನಿಶಾಚರಿ

ಕಟ್ಟಿಹಾಕುವವರು ಯಾರು? ಹೆಲೆನ್? ಮಗಳು ಕೈಯಲ್ಲಿ ಕರಣೆ ಹಿಡಿದು ಎದುರು ಬಂದಾಗಲೂ ಆ ತಾಯಿ ಮಗುವಿನ ಹೆಸರು ಹಿಡಿದು ಕರೆಯುತ್ತಾಳೆ, ಹೊರತು ಕೈ ಎತ್ತುವುದಿಲ್ಲ. ಆ ಮನೆಯಲ್ಲಿ ಯಾರೂ ಕ್ಯಾರೆನ್‌ಗೆ ಕೈ ಮಾಡುತ್ತಿರಲಿಲ್ಲ. ಟಿವಿಯಲ್ಲಿ ಬರುವ ತಜ್ಞ, ಸತ್ತವರಿಗೆ ಉತ್ತರಕ್ರಿಯೆ ಎಂಬ ಸಮಾಧಾನವನ್ನೂ ಈಗ ಬಿಡಬೇಕು, ಕೂಡಲೇ ಹೊರಗೆ ಎಳೆದು ಸುಡಬೇಕು ಎನ್ನುತ್ತಾನೆ. ನನಗೆ ಇಡೀ ಚಿತ್ರದಲ್ಲಿ ಅತಿ ಭಯಂಕರವಾದದ್ದು ಆ ಸಲಹೆ. ರಕ್ತವಿಲ್ಲ, ಕಿರುಚಾಟವಿಲ್ಲ. ನೆಟ್ಟಗೆ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಸರ್ಕಾರಿ ದನಿಯಲ್ಲಿ ಅದನ್ನು ಹೇಳುತ್ತಾನೆ.

ಹೆಲೆನ್ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬ ದೂರು ನನ್ನದು. ಮೇಲೆ ರೇಡಿಯೋ ಇದೆ ಎಂದು ಗೊತ್ತಾದಾಗ ಗಂಡನನ್ನು ತರಾಟೆಗೆ ತೆಗೆದುಕೊಳ್ಳುವವಳು ಅವಳೇ. ನಮಗೆ ಒಟ್ಟಿಗೆ ಬದುಕುವುದು ಇಷ್ಟವಿಲ್ಲದಿರಬಹುದು, ಆದರೆ ಒಟ್ಟಿಗೆ ಸತ್ತರೆ ಯಾವುದೂ ಬಗೆಹರಿಯುವುದಿಲ್ಲ ಎಂಬ ಅರ್ಥದ ಮಾತೊಂದನ್ನು ಆಡುತ್ತಾಳೆ. ಹೆಣಗಳು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಆ ಸಂಸಾರ ಮುರಿದಿದೆ ಎಂದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಆ ಪಾತ್ರ ಮಾಡಿದ ಮರಿಲಿನ್ ಈಸ್ಟ್‌ಮನ್ ಈ ಚಿತ್ರದ ಮೇಕಪ್‌ಗೂ ಕೈಜೋಡಿಸಿದವರು. ಕೂಪರ್ ಆಗಿ ನಟಿಸಿದ ಕಾರ್ಲ್ ಹಾರ್ಡ್‌ಮನ್ ನಿರ್ಮಾಪಕರಲ್ಲೊಬ್ಬರು. ಕ್ಯಾರೆನ್ ಆದ ಕೈರಾ ಶಾನ್, ಹಾರ್ಡ್‌ಮನ್ ಅವರ ಸ್ವಂತ ಮಗಳು. ಅಂದರೆ ಪರದೆಯ ಮೇಲೆ ತಂದೆಯ ತೋಳನ್ನು ತಿನ್ನುವವಳು ನಿಜವಾಗಿಯೂ ಅವರ ಮಗಳೇ!

ಭಯಂಕರ ಭೀರು

ಊಟ ಮಾಡುತ್ತಾ ಇದನ್ನು ಓದಬಾರದಿತ್ತು.

ಹಳೆಯ ಟಾಕೀಸು

ಭೀರು ಅವರೇ, ಊಟ ಮುಂದುವರಿಸಿ. ಆ ರಕ್ತವೆಲ್ಲ ಬಾಸ್ಕೋ ಎಂಬ ಚಾಕೊಲೇಟ್ ಪಾಕ. ಕಪ್ಪುಬಿಳುಪಿನಲ್ಲಿ ಬಣ್ಣ ಯಾರಿಗೆ ಗೊತ್ತಾಗಬೇಕು. ಆದರೆ ಹೊರಗೆ ಹುಲ್ಲಿನ ಮೇಲೆ ಕುಳಿತು ತಿನ್ನುವ ಕರುಳು ಮಾತ್ರ ಕಸಾಯಿಖಾನೆಯದೇ. ಹಣ ಹಾಕಿದವರ ಪೈಕಿ ಮಾಂಸದ ವ್ಯಾಪಾರಿಯೊಬ್ಬರಿದ್ದರು.

ಕಾಸಿನ ಮಾತು ಬಂತು, ಅದನ್ನೂ ಹೇಳುತ್ತೇನೆ, ಏಕೆಂದರೆ ಚಿತ್ರದ ಬಲ ಇರುವುದು ಅದರ ಬಡತನದಲ್ಲಿ. ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದವರು. ಹತ್ತು ಜನ ತಲಾ 600 ಡಾಲರ್ ಹಾಕಿ ಇಮೇಜ್ ಟೆನ್ ಎಂಬ ಕಂಪನಿ ಕಟ್ಟಿದರು. ಆಮೇಲೆ ಅಲ್ಲಿ ಇಲ್ಲಿ ಸೇರಿಸಿ ಒಟ್ಟು ಸುಮಾರು 1,14,000 ಡಾಲರ್‌ಗಳಲ್ಲಿ ಚಿತ್ರ ಮುಗಿಸಿದರು. ಕೆಡವಲಿದ್ದ ಒಂದು ಹಳೆಯ ತೋಟದ ಮನೆ ಸಿಕ್ಕಿತು. ಹೇಗೂ ಕೆಡವುವ ಮನೆ, ಕಿಟಕಿ ಒಡೆದರೂ ಕೇಳುವವರಿಲ್ಲ. ಸಂಗೀತಕ್ಕೆ ಕಾಸಿಲ್ಲ, ಮೊದಲೇ ಮುದ್ರಿಸಿ ಮಾರುತ್ತಿದ್ದ ಸಂಗ್ರಹದಿಂದ ತುಣುಕುಗಳನ್ನು ಆರಿಸಿಕೊಂಡರು. ಮಂದೆಯಾಗಿ ಬರುವ ಹೆಣಗಳೆಂದರೆ ಊರವರು, ಪರಿಚಯದವರು. ಕೊನೆಯಲ್ಲಿ ಬಂದೂಕು ಹಿಡಿದು ಬಯಲಿನಲ್ಲಿ ಸಾಲಾಗಿ ನಡೆದುಬರುವವರಲ್ಲೂ ಎಷ್ಟೋ ಜನ ಸ್ಥಳೀಯರೇ, ತಮ್ಮ ತಮ್ಮ ಬಂದೂಕು ತಂದವರು. ಅವರ ಮುಖದಲ್ಲಿರುವ ಆ ಹಬ್ಬದ ಕಳೆಯನ್ನು ಯಾವ ನಟನಿಂದ ಬರಿಸಲು ಸಾಧ್ಯ?

ಟಿವಿ ವರದಿಗಾರನಾಗಿ ಬರುವ ಬಿಲ್ ಕಾರ್ಡಿಲ್ ಪಿಟ್ಸ್‌ಬರ್ಗ್‌ನ ಟಿವಿಯಲ್ಲಿ ನಿಜವಾಗಿಯೂ ಕೆಲಸ ಮಾಡುತ್ತಿದ್ದವರು, ಶನಿವಾರ ರಾತ್ರಿ ಭಯದ ಚಿತ್ರಗಳನ್ನು ಪರಿಚಯಿಸುತ್ತಿದ್ದವರು. ಊರಿನ ಪ್ರೇಕ್ಷಕರಿಗೆ ಅದು ಸುದ್ದಿಯೋ ಕಥೆಯೋ ಎಂಬ ಗೊಂದಲ ಒಂದು ಕ್ಷಣವಾದರೂ ಆಗಿರಲೇಬೇಕು. ದುಡ್ಡಿದ್ದಿದ್ದರೆ ಬಣ್ಣದಲ್ಲಿ ತೆಗೆದು, ಹೆಸರಾಂತ ನಟರನ್ನು ಹಾಕಿ, ಸುತ್ತಲೂ ದೀಪ ಇಟ್ಟು ಚಿತ್ರವನ್ನು ಕೆಡಿಸಿಬಿಡುತ್ತಿದ್ದರು.

ಮೊನೊಂಗಹೇಲಾ ತೀರ

ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಮೊದಲ ದೃಶ್ಯದ ಸ್ಮಶಾನ ಇರುವ ಇವಾನ್ಸ್ ಸಿಟಿ ಇಲ್ಲಿಂದ ಉತ್ತರಕ್ಕೆ, ಕಾರಿನಲ್ಲಿ ಒಂದು ಗಂಟೆಯೂ ಬೇಡ. ಅಣ್ಣ ಜಾನಿ ತಂಗಿಯನ್ನು ಹೆದರಿಸುತ್ತಾ, ಅವರು ನಿನ್ನನ್ನು ಹಿಡಿಯಲು ಬರುತ್ತಿದ್ದಾರೆ ಬಾರ್ಬ್ರಾ ಎಂದು ರಾಗ ಎಳೆಯುವ ಜಾಗ. ಸ್ಮಶಾನದ ಪುಟ್ಟ ಪ್ರಾರ್ಥನಾ ಮಂದಿರವನ್ನು ಕೆಡವುವ ಮಾತು ಬಂದಾಗ ಅಭಿಮಾನಿಗಳು ಚಂದಾ ಎತ್ತಿ ಉಳಿಸಿಕೊಂಡರು. ತೋಟದ ಮನೆ ಈಗ ಇಲ್ಲ, ಚಿತ್ರೀಕರಣ ಮುಗಿದ ಮೇಲೆ ಕೆಡವಿದರು. ನೀವೆಲ್ಲ ಇಷ್ಟೊಂದು ಜಗಳವಾಡುತ್ತಿರುವ ನೆಲಮಾಳಿಗೆಯಂತೂ ಆ ಮನೆಯದೇ ಅಲ್ಲ. ಕೆಳಗಿನ ದೃಶ್ಯಗಳನ್ನು ತೆಗೆದದ್ದು ಪಿಟ್ಸ್‌ಬರ್ಗ್ ನಗರದಲ್ಲಿ, ರೊಮೆರೊ ತಂಡದ್ದೇ ಸ್ಟುಡಿಯೋ ಕಟ್ಟಡದ ತಳದಲ್ಲಿ.

ಇಲ್ಲಿನ ಕನ್ನಡಿಗರಿಗೆ ಇನ್ನೊಂದು ಸಂಬಂಧವೂ ಇದೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಅಮೆರಿಕದ ಹಳೆಯ ಹಿಂದೂ ದೇವಸ್ಥಾನಗಳಲ್ಲೊಂದು, 1970ರ ದಶಕದ್ದು. ದರ್ಶನ, ಪುಳಿಯೋಗರೆ ಮುಗಿಸಿಕೊಂಡು ಹತ್ತಿರದ ಮನ್ರೋವಿಲ್ ಮಾಲ್‌ಗೆ ಹೋಗುವುದು ಇಲ್ಲಿ ಎಷ್ಟೋ ಮನೆಗಳ ರೂಢಿ. ರೊಮೆರೊ ಮುಂದಿನ ಭಾಗವಾದ 1978ರ ‘ಡಾನ್ ಆಫ್ ದ ಡೆಡ್’ ತೆಗೆದದ್ದು ಅದೇ ಮಾಲ್‌ನಲ್ಲಿ, ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ. ಕ್ರಿಸ್‌ಮಸ್ ಅಲಂಕಾರ ಕಟ್ಟಿದಾಗ ಚಿತ್ರೀಕರಣ ನಿಲ್ಲಿಸಿ, ಬಿಚ್ಚಿದ ಮೇಲೆ ಮುಂದುವರಿಸಿದರು. ಪ್ರಸಾದ ತಿಂದು ಬಂದವರು ಹೆಣಗಳು ಓಡಾಡಿದ ಎಸ್ಕಲೇಟರ್ ಹತ್ತುತ್ತಾರೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಸುಮ್ಮನೆ ಓದುವವ

ನನ್ನದೊಂದು ಪ್ರಶ್ನೆ. ಈ ಚಿತ್ರ ಯೂಟ್ಯೂಬ್‌ನಲ್ಲಿ ಹತ್ತಾರು ಕಡೆ ಪೂರ್ತಿ ಸಿಗುತ್ತದೆ, ಯಾರೂ ತೆಗೆಸುವುದಿಲ್ಲ. ಹೇಗೆ?

ಕರಡು ಪ್ರತಿ

ಅದಕ್ಕೆ ಕಾರಣ ಬಿಟ್ಟುಹೋದ ಒಂದು ಸಾಲು. ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ವಿತರಣೆಗೆ ತೆಗೆದುಕೊಂಡ ವಾಲ್ಟರ್ ರೀಡ್ ಸಂಸ್ಥೆ ಹೆಸರು ಬದಲಾಯಿಸಿತು. ಪರದೆಯ ಮೇಲೆ ಹಳೆಯ ಹೆಸರು ತೋರಿಸುವ ಚೌಕಟ್ಟಿನಲ್ಲೇ ಹಕ್ಕುಸ್ವಾಮ್ಯದ ಸೂಚನೆ ಇತ್ತು. ಹೊಸ ಚೌಕಟ್ಟು ಹಾಕುವಾಗ ಅದು ಬಿಟ್ಟುಹೋಯಿತು. ಆಗ ಅಮೆರಿಕದಲ್ಲಿ ಜಾರಿಯಲ್ಲಿದ್ದುದು 1909ರ ಕಾಯಿದೆ. ಅದರ ಪ್ರಕಾರ ಪ್ರಕಟವಾದ ಪ್ರತಿಯಲ್ಲಿ ಸೂಚನೆ ಇಲ್ಲದಿದ್ದರೆ ಕೃತಿ ಸಾರ್ವಜನಿಕರ ಪಾಲು. ಕೇಳುವಂತಿಲ್ಲ, ಹೇಳುವಂತಿಲ್ಲ. ಯಾರು ಬೇಕಾದರೂ ಪ್ರತಿ ಮಾಡಿ ಮಾರಬಹುದು, ಟಿವಿಯಲ್ಲಿ ಹಾಕಬಹುದು.

ಮಾಡಿದವರ ಹೊಟ್ಟೆಗೆ ಹೊಡೆತ ಬಿತ್ತು ನಿಜ. ಆದರೆ ಚಿತ್ರಕ್ಕೆ ಅದರಿಂದ ಸಿಕ್ಕ ಆಯುಸ್ಸು ಇನ್ನು ಯಾವುದರಿಂದಲೂ ಸಿಗುತ್ತಿರಲಿಲ್ಲ. ಮಧ್ಯರಾತ್ರಿಯ ಪ್ರದರ್ಶನ, ಸ್ಥಳೀಯ ಟಿವಿ ಚಾನೆಲ್, ವಿಡಿಯೋ ಕ್ಯಾಸೆಟ್, ಅಗ್ಗದ ಡಿವಿಡಿ, ಈಗ ಯೂಟ್ಯೂಬ್. ಪುಕ್ಕಟೆಯಾಗಿ ಸಿಗುವ ಭಯದ ಚಿತ್ರ ಬೇಕೆಂದು ಹುಡುಕಿದ ಪ್ರತಿಯೊಬ್ಬನಿಗೂ ಇದೇ ಎದುರಾಗುತ್ತದೆ. ಬೆಂಗಳೂರಿನಲ್ಲಿ ಕುಳಿತ ನಾನು ನೋಡಿದ್ದೂ ಹಾಗೆಯೇ. ಇಲ್ಲಿ ಎಲ್ಲರೂ ಕಲೆ, ಕಥೆ ಎನ್ನುತ್ತಿದ್ದೀರಿ. ನನ್ನ ಮಟ್ಟಿಗೆ ಉಳಿವಿನ ಅರ್ಧಪಾಲು ಶ್ರೇಯ ಆ ಮರೆತುಹೋದ ಸಾಲಿಗೆ ಸಲ್ಲಬೇಕು.

ಕಪ್ಪುಬಿಳುಪು

ಒಪ್ಪುವುದಿಲ್ಲ. ಪುಕ್ಕಟೆ ಸಿಗುವ ಹಳೆಯ ಚಿತ್ರಗಳು ರಾಶಿ ರಾಶಿ ಇವೆ. ಅವುಗಳಲ್ಲಿ ಎಷ್ಟನ್ನು ಜನ ಎರಡನೆಯ ಸಲ ನೋಡುತ್ತಾರೆ? ಸುಲಭವಾಗಿ ಸಿಕ್ಕಿದ್ದರಿಂದ ನೋಡಿದರು ಸರಿ, ಮತ್ತೆ ಮತ್ತೆ ಜಗಳವಾಡಿದ್ದು ಏಕೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1999ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿದ್ದು ಪುಕ್ಕಟೆ ಸಿಗುತ್ತದೆಂದೇನೂ ಅಲ್ಲವಲ್ಲ.

ನಿಶಾಚರಿ

ಇಷ್ಟು ಹೊತ್ತು ಯಾರೂ ದೊಡ್ಡ ವಿಷಯಕ್ಕೆ ಬಂದಿಲ್ಲ. ಬೆನ್ ಪಾತ್ರಧಾರಿ ಡ್ವೇನ್ ಜೋನ್ಸ್ ಕಪ್ಪು ಜನಾಂಗದವರು. ಚಿತ್ರಕಥೆಯಲ್ಲಿ ಬೆನ್ ಬಣ್ಣದ ಉಲ್ಲೇಖವಿರಲಿಲ್ಲ, ಒರಟು ಲಾರಿ ಚಾಲಕ ಎಂದಷ್ಟೇ ಇತ್ತು. ಪಾತ್ರಕ್ಕಾಗಿ ನಟಿಸಿ ತೋರಿಸಿದವರಲ್ಲಿ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿದ್ದರು, ತೆಗೆದುಕೊಂಡೆವು ಎಂದು ರೊಮೆರೊ ಕೊನೆಯವರೆಗೂ ಹೇಳುತ್ತಿದ್ದರು. ಓದಿಕೊಂಡ ಮನುಷ್ಯರಾಗಿದ್ದ ಜೋನ್ಸ್ ಆ ಒರಟು ಮಾತುಗಳನ್ನು ತಾವೇ ತಿದ್ದಿ, ಬೆನ್‌ಗೆ ಆ ಗಂಭೀರ ದನಿ ತಂದರು.

ಪರದೆಯ ಮೇಲೆ ಒಬ್ಬನೇ ಒಬ್ಬ ಕೂಡ ಬೆನ್ ಬಣ್ಣದ ಮಾತೆತ್ತುವುದಿಲ್ಲ. ಕೂಪರ್ ಸಹ ಇಲ್ಲ. ಎತ್ತದಿರುವುದರಿಂದಲೇ ಪ್ರತಿಯೊಂದು ದೃಶ್ಯವೂ ಅದರ ಭಾರ ಹೊರುತ್ತದೆ. 1968ರ ಅಮೆರಿಕದಲ್ಲಿ ಕಪ್ಪು ಗಂಡಸು ಬಿಳಿಯ ಹೆಂಗಸಿನ ಕೆನ್ನೆಗೆ ಹೊಡೆಯುತ್ತಾನೆ, ಬಿಳಿಯ ಗಂಡಸನ್ನು ಗುಂಡಿಟ್ಟು ಕೊಲ್ಲುತ್ತಾನೆ, ಮನೆಯ ಯಜಮಾನಿಕೆ ನಡೆಸುತ್ತಾನೆ. ಸಿದ್ಧವಾದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕ್‌ಗೆ ಹೋಗುತ್ತಿದ್ದಾಗ ರೇಡಿಯೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂತು ಎಂದು ರೊಮೆರೊ ನೆನೆಸಿಕೊಂಡಿದ್ದಾರೆ. ಅದು ಏಪ್ರಿಲ್ 4. ಚಿತ್ರ ಬಿಡುಗಡೆಯಾದದ್ದು ಅಕ್ಟೋಬರ್ 1ಕ್ಕೆ.

ಕೊನೆಯನ್ನು ಈ ಕಣ್ಣಿನಿಂದ ನೋಡಿ. ಬೆಳಗಾಗಿದೆ. ನಾಯಿಗಳನ್ನು ಹಿಡಿದುಕೊಂಡು ಬಂದೂಕುಧಾರಿ ಬಿಳಿಯರ ಗುಂಪು ಬರುತ್ತದೆ. ಸದ್ದು ಕೇಳಿ ಬೆನ್ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ದೂರದಿಂದ ಹಣೆಗೇ ಗುಂಡು. ಬೆಂಕಿಗೆ ಇನ್ನೊಂದು ಸಿಕ್ಕಿತು ಎನ್ನುತ್ತಾನೆ ಶೆರಿಫ್. ಆಮೇಲೆ ಚಲಿಸುವ ಚಿತ್ರ ನಿಂತು, ವೃತ್ತಪತ್ರಿಕೆಯಲ್ಲಿ ಅಚ್ಚಾದಂತಹ ಒರಟು ಸ್ಥಿರಚಿತ್ರಗಳು ಬರುತ್ತವೆ. ಕೊಕ್ಕೆ ಹಿಡಿದ ಕೈಗಳು, ಬೆನ್ ದೇಹ, ಕಟ್ಟಿಗೆಯ ರಾಶಿ. ಅಮೆರಿಕದ ದಕ್ಷಿಣದಲ್ಲಿ ಗುಂಪು ಸೇರಿ ಕಪ್ಪು ಜನರನ್ನು ಕೊಂದು, ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋಗಳ ಚರಿತ್ರೆ ಗೊತ್ತಿರುವವರಿಗೆ ಅಲ್ಲಿ ಉಸಿರು ಕಟ್ಟುತ್ತದೆ. ನೀವು ನೆಲಮಾಳಿಗೆಯೋ ಪಡಸಾಲೆಯೋ ಎಂದು ವಾದಿಸುತ್ತಿದ್ದೀರಿ. ನೆಲಮಾಳಿಗೆ ಬೆನ್‌ನನ್ನು ಹೆಣಗಳಿಂದ ಉಳಿಸಿತು, ಒಪ್ಪಿದೆ. ಹೊರಗೆ ಬಂದ ಮೇಲೆ ಕೊಂದವರು ಬದುಕಿರುವವರು. ಅವರಿಂದ ಉಳಿಸುವ ಮಾಳಿಗೆ ಆ ಮನೆಯಲ್ಲಿ ಎಲ್ಲಿತ್ತು?

ಹಳೆಯ ಟಾಕೀಸು

ನಿಶಾಚರಿ ಮೇಡಂ, ಈ ಬರಹಕ್ಕೆ ನಮಸ್ಕಾರ.

ಒಂದೇ ಸೇರ್ಪಡೆ. ಇದಕ್ಕೆ ಮೊದಲು ಅಮೆರಿಕದ ಪರದೆಯ ಮೇಲೆ ಬಂದ ನಡೆಯುವ ಹೆಣಗಳು, ಉದಾಹರಣೆಗೆ 1932ರ ‘ವೈಟ್ ಜಾಂಬಿ’, ಹೈಟಿ ದ್ವೀಪದ ನಂಬಿಕೆಯಿಂದ ಬಂದವು. ಅಲ್ಲಿ ಹೆಣಕ್ಕೆ ಒಬ್ಬ ಒಡೆಯನಿರುತ್ತಾನೆ, ಅವನ ಕಬ್ಬಿನ ಗಾಣದಲ್ಲಿ ಅದು ದುಡಿಯುತ್ತದೆ. ಒಡೆಯ ಸತ್ತರೆ ಮಾಟ ಮುಗಿಯಿತು. ರೊಮೆರೊ ಆ ಒಡೆಯನನ್ನೇ ತೆಗೆದುಹಾಕಿದರು. ಮಾಟಗಾರನಿಲ್ಲ, ಶಾಪವಿಲ್ಲ, ಬೇಡಿಕೆಯೂ ಇಲ್ಲ. ಶುಕ್ರ ಗ್ರಹದಿಂದ ಮರಳಿದ ನೌಕೆಯ ವಿಕಿರಣ ಎಂದು ಟಿವಿಯಲ್ಲಿ ಏನೋ ಹೇಳುತ್ತಾರೆ, ಹೇಳುವವರೇ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ. ರಿಚರ್ಡ್ ಮ್ಯಾಥೆಸನ್ ಅವರ 1954ರ ಕಾದಂಬರಿ ‘ಐ ಆ್ಯಮ್ ಲೆಜೆಂಡ್’ನಿಂದ ಪ್ರೇರಣೆ ಪಡೆದೆ ಎಂದು ರೊಮೆರೊ ಮುಚ್ಚಿಡದೆ ಹೇಳಿದ್ದರು. ಅಲ್ಲಿ ಮನೆಯೊಳಗೆ ಒಬ್ಬನೇ ಇದ್ದಾನೆ, ಅವನಿಗೆ ಜಗಳವಾಡಲು ಜೊತೆಗಾರರಿಲ್ಲ. ಇಲ್ಲಿ ಏಳು ಜನರನ್ನು ಕೂಡಿಹಾಕಿದ್ದೇ ಹೊಸತು. ಆಮೇಲೆ ಬಂದ ಜಾಂಬಿ ಚಿತ್ರ, ಧಾರಾವಾಹಿ, ವಿಡಿಯೋ ಗೇಮ್ ಯಾವುದನ್ನೇ ತೆಗೆದುಕೊಳ್ಳಿ, ಹೊರಗೆ ಹೆಣ, ಒಳಗೆ ಕಚ್ಚಾಟ.

ಭಯಂಕರ ಭೀರು

ಆ ಕಾಲದ ಮಕ್ಕಳು ಇದನ್ನು ನೋಡಿದ್ದರಂತೆ, ನಿಜವೇ?

ಕರಡು ಪ್ರತಿ

ನಿಜ. ಅಮೆರಿಕದಲ್ಲಿ ವಯಸ್ಸಿನ ಪ್ರಕಾರ ಚಿತ್ರಗಳಿಗೆ ದರ್ಜೆ ಕೊಡುವ ಪದ್ಧತಿ ಶುರುವಾದದ್ದು 1968ರ ನವೆಂಬರ್ 1ಕ್ಕೆ, ಈ ಚಿತ್ರ ತೆರೆಕಂಡು ಒಂದು ತಿಂಗಳಾದ ಮೇಲೆ. ಭಯದ ಚಿತ್ರವೆಂದರೆ ಮಧ್ಯಾಹ್ನದ ಆಟಕ್ಕೆ ಮಕ್ಕಳನ್ನು ಬಿಟ್ಟುಬರುವ ಕಾಲ. ಷಿಕಾಗೊ ಪತ್ರಿಕೆಯ ವಿಮರ್ಶಕ ರೋಜರ್ ಈಬರ್ಟ್ ಅಂಥದ್ದೊಂದು ಪ್ರದರ್ಶನದಲ್ಲಿ ಕುಳಿತಿದ್ದು, 1969ರ ಜನವರಿಯಲ್ಲಿ ಬರೆದರು. ಮೊದಲು ಮಕ್ಕಳು ಖುಷಿಯಿಂದ ಕಿರುಚುತ್ತಿದ್ದರು. ಅರ್ಧ ದಾಟಿದ ಮೇಲೆ ಚಿತ್ರಮಂದಿರ ಸ್ತಬ್ಧವಾಯಿತು, ಪುಟ್ಟ ಹುಡುಗಿಯೊಬ್ಬಳು ಕುಳಿತಲ್ಲೇ ಅಳುತ್ತಿದ್ದಳು. ನಾಯಕ ಉಳಿಯುತ್ತಾನೆ ಎಂಬ ಭರವಸೆಯ ಮೇಲೆ ಬೆಳೆದ ಮಕ್ಕಳು ಅವರು. ಚಿತ್ರ ಆ ಭರವಸೆಗೇ ಕೈಹಾಕಿತ್ತು.

ಮೊನೊಂಗಹೇಲಾ ತೀರ

ಕಪ್ಪುಬಿಳುಪು ಅವರಿಗೆ ಒಂದು ಕಾಣಿಕೆ. 1990ರಲ್ಲಿ ಇದೇ ಚಿತ್ರವನ್ನು ಬಣ್ಣದಲ್ಲಿ ಮತ್ತೆ ಮಾಡಿದರು. ಚಿತ್ರಕಥೆ ರೊಮೆರೊ ಅವರದೇ, ನಿರ್ದೇಶನ ಟಾಮ್ ಸವಿನಿ ಅವರದು. ಅದರಲ್ಲಿ ಗಾಯಗೊಂಡ ಬೆನ್ ನೆಲಮಾಳಿಗೆಗೆ ಇಳಿದಾಗ ಅಲ್ಲಿ ಏನು ಸಿಗುತ್ತದೆ ಗೊತ್ತೇ? ಎಲ್ಲರೂ ಜೀವ ಕೊಟ್ಟು ಹುಡುಕಿದ್ದ ಪೆಟ್ರೋಲ್ ಪಂಪಿನ ಬೀಗದ ಕೈ. ಅವನು ಹುಚ್ಚನಂತೆ ನಗುತ್ತಾನೆ. ಕೂಪರ್ ಅಟ್ಟ ಹತ್ತಿ ಬದುಕಿಕೊಳ್ಳುತ್ತಾನೆ. ಬೆಳಿಗ್ಗೆ ಇಳಿದು ಬಂದವನನ್ನು ಬಾರ್ಬರಾ ತಾನೇ ಗುಂಡಿಟ್ಟು ಕೊಂದು, ಬೆಂಕಿಗೆ ಇನ್ನೊಂದು ಎನ್ನುತ್ತಾಳೆ.

ಕಪ್ಪುಬಿಳುಪು

ನೋಡಿದಿರಾ! ಬರೆದವರಿಗೇ ಈ ಪ್ರಶ್ನೆ ಇಪ್ಪತ್ತೆರಡು ವರ್ಷ ಕಾಡಿದೆ. ಬೀಗದ ಕೈ ಕೆಳಗಿತ್ತು. ನನ್ನ ವಾದ ಮುಗಿಯಿತು.

ನಿಶಾಚರಿ

ನಿಮ್ಮ ವಾದ ಮುಗಿದಿಲ್ಲ. ಆ ಚಿತ್ರದಲ್ಲಿ ಮೊದಲಿನಿಂದಲೂ ಸರಿಯಾದ ಮಾತು ಹೇಳುವವಳು ಬಾರ್ಬರಾ. ಅವು ಬಹಳ ನಿಧಾನ, ಪಕ್ಕದಿಂದ ನಡೆದುಕೊಂಡೇ ಹೋಗಿಬಿಡಬಹುದು ಎನ್ನುತ್ತಾಳೆ. ಗಂಡಸರಿಬ್ಬರೂ ಕಿವಿಗೊಡುವುದಿಲ್ಲ. ಅವಳು ಹೋಗುತ್ತಾಳೆ, ಉಳಿಯುತ್ತಾಳೆ. ಮೊದಲ ಚಿತ್ರದಲ್ಲಿ ಬಾರ್ಬ್ರಾಳನ್ನು ಸೋಫಾದ ಮೇಲೆ ಬೊಂಬೆಯಂತೆ ಕೂರಿಸಿದ್ದಕ್ಕೆ ರೊಮೆರೊ ಕೊಟ್ಟ ದಂಡ ಅದು ಎಂದುಕೊಳ್ಳುತ್ತೇನೆ. ಆದರೂ ನನಗೆ ಹಳೆಯ ಬಾರ್ಬ್ರಾಳೇ ಹೆಚ್ಚು ನಿಜ ಅನಿಸುತ್ತಾಳೆ. ಕಣ್ಣೆದುರು ಅಣ್ಣ ಸತ್ತ ದಿನ ಎಲ್ಲರೂ ಬಂದೂಕು ಹಿಡಿಯುವುದಿಲ್ಲ.

ಸುಮ್ಮನೆ ಓದುವವ

ಇಷ್ಟೆಲ್ಲ ಓದಿದ ಮೇಲೆ ನೋಡಲೇಬೇಕು. ಯೂಟ್ಯೂಬ್‌ನಲ್ಲಿ ಇರುವ ಹತ್ತಾರರಲ್ಲಿ ಯಾವುದನ್ನು ನೋಡಲಿ?

ಕರಡು ಪ್ರತಿ

ಬಣ್ಣ ಹಚ್ಚಿದ್ದು ಕಂಡರೆ ಮುಂದೆ ಹೋಗಿ. 1986ರಲ್ಲಿ ಹಚ್ಚಿದ ಬಣ್ಣದಲ್ಲಿ ಹೆಣಗಳ ಮೈ ತಿಳಿಹಸಿರು, ನಗು ಬರುತ್ತದೆ. ಮೂವತ್ತು ವರ್ಷ ತುಂಬಿದ ನೆಪದಲ್ಲಿ ಹೊಸ ದೃಶ್ಯಗಳನ್ನು ಹೊಲಿದು, ಸಂಗೀತ ಬದಲಾಯಿಸಿದ ಪ್ರತಿಯೊಂದಿದೆ, ಅದನ್ನು ಮುಟ್ಟಲೇಬೇಡಿ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮೂಲ ನೆಗೆಟಿವ್‌ನಿಂದ ಶುದ್ಧಮಾಡಿದ ಪ್ರತಿ 2016ರಲ್ಲಿ ಹೊರಬಂತು. ಸಿಕ್ಕರೆ ಅದು. ಕತ್ತಲೆಯಲ್ಲಿ ಹುಲ್ಲಿನ ಎಳೆಗಳೂ ಕಾಣುತ್ತವೆ. ಅವಧಿ 96 ನಿಮಿಷ. ಅದಕ್ಕಿಂತ ತೀರ ಕಡಿಮೆ ತೋರಿಸಿದರೆ ಎಲ್ಲೋ ಕತ್ತರಿ ಬಿದ್ದಿದೆ.

ಹಳೆಯ ಟಾಕೀಸು

ನಾನು ಉಲ್ಟಾ ಹೇಳುತ್ತೇನೆ. ಮೊದಲ ಸಲಕ್ಕೆ ಗೀರು ಬಿದ್ದ, ಮಸುಕಾದ, ಧ್ವನಿ ಗೊರಗೊರ ಎನ್ನುವ ಪ್ರತಿಯೇ ಇರಲಿ. ಜನ ಹೆದರಿದ್ದು ಅದನ್ನು ನೋಡಿ. ಶುದ್ಧವಾದದ್ದು ಎರಡನೆಯ ಸಲಕ್ಕೆ.

ಭಯಂಕರ ಭೀರು

ನಾನು ಹಗಲಿನಲ್ಲಿ, ಧ್ವನಿ ಸಣ್ಣಗೆ ಇಟ್ಟು, ಅಮ್ಮನ ಜೊತೆ ನೋಡುತ್ತೇನೆ. ಆಗಬಹುದೇ?

ನಿಶಾಚರಿ

ಧಾರಾಳವಾಗಿ. ಹೆಲೆನ್ ಕೆಳಗಿಳಿದು ಹೋಗುವಾಗ ಮಾತ್ರ ಅಮ್ಮನನ್ನು ಅಡುಗೆಮನೆಗೆ ಕಳುಹಿಸಿ. ಇಲ್ಲವೇ ನೀವೇ ಹೋಗಿ.